ರೊಟ್ಟಿಗ್ಯಾಕ ರಸೀದಿ?

ಈಗೀಗ ನಮ್ಮ ಹೆಣ್ಣುಮಕ್ಕಳ ಬಾಯಾಗ ಒಂದು ಹೊಸ ಲೆಕ್ಕ ಸುರು ಆಗೇದ. "ಇವತ್ತ ಒಂದು ತಾಸು ನಡದೀನಿ, ಇನ್ನೊಂದು ರೊಟ್ಟಿ ತಿಂದ್ರ ನಡೀತದ" ಅಂತ ಒಬ್ಬರು. "ಅಯ್ಯ, ಹಂಗ ತಿಂದ್ರ ನಡದದ್ದೆಲ್ಲಾ ಹೊಳಿಯೊಳಗ ಹುಣಸಿಹಣ್ಣು ತೊಳದಂಗ ಆತು, ಬರೇ ಮಜ್ಜಿಗಿ ಕುಡೀರಿ" ಅಂತ ಇನ್ನೊಬ್ಬರು. ಮುಂಜಾನೆ ವಾಕಿಂಗಿನಾಗೂ ಇದೇ ಮಾತು, ಮದವಿ ಪಂಕ್ತಿಯೊಳಗ ಕೂತಾಗೂ ಇದೇ ಮಾತು. ಸುಟ್ಟ ಕ್ಯಾಲರಿ ತಿರುಗಿ ತಿನ್ನಬೇಕೋ, ಬ್ಯಾಡೋ?

ನನ್ನ ತಕರಾರು ಇಬ್ಬರ ಮ್ಯಾಲೂ ಅದ. ಇಬ್ಬರೂ ಜಗಳಾಡಿದಂಗ ಕಾಣಸ್ತದ, ಆದ್ರ ಇಬ್ಬರ ಬಗಲಾಗೂ ಒಂದೇ ಖಾತೆ ಪುಸ್ತಕ ಅದ. ಹೆಣ್ಣುಮಗಳು ಮೊದಲು ಸುಡಬೇಕು, ಆಮ್ಯಾಲೆ ಉಣ್ಣಬೇಕು ಅಂತ ಅದರಾಗ ಬರದದ. ಆ ಪುಸ್ತಕಾನ ಒಲಿಗೆ ಹಾಕ್ರಿ ಅಂತ ನಾ ಅಂತೀನಿ.

ಲೆಕ್ಕಾ ಹೇಳೋರಿಗೆ ಮೊದಲು ಲೆಕ್ಕದಾಗೇ ಉತ್ತರಾ ಕೊಡೂಣು. 60 ಕಿಲೋ ತೂಕದ ಹೆಣ್ಣುಮಗಳು ತಾಸಿಗೆ ಐದು ಕಿಲೋಮೀಟರಿನಂಗ ಒಂದು ತಾಸು ನಡದ್ರ ಸುಮಾರು 210 ಕ್ಯಾಲರಿ ಖರ್ಚಾಗ್ತದ. ಆದ್ರ ಆಕಿ ನಡೀಲಾರದ ಕಟ್ಟಿ ಮ್ಯಾಲೆ ಸುಮ್ನ ಕೂತಿದ್ರೂ ಆ ತಾಸಿನಾಗ 60ರಷ್ಟು ಹೋಗೇ ಹೋಗ್ತಿತ್ತು. ಉಸಿರಾಡಲಿಕ್ಕೆ, ಎದಿ ಬಡಕೊಳ್ಳಲಿಕ್ಕೆ, ಮೈ ಬೆಚ್ಚಗಿರಲಿಕ್ಕೆ ಅದು ಬೇಕೇ ಬೇಕು. ಹಂಗಾದ್ರ ನಡದದ್ದಕ್ಕಂತ ಹೆಚ್ಚಿಗೆ ಹೋದದ್ದು ಬರೇ 150. ಅಂದ್ರ 40-45 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿ. ಅದಕ್ಕ ಬೆಣ್ಣಿ ಇಲ್ಲ, ಎಣ್ಣಿಗಾಯಿ ಇಲ್ಲ, ಶೇಂಗಾ ಚಟ್ನಿ ಇಲ್ಲ. ಒಗ್ಗರಣಿಗೆ ಕೈ ಜಾರಿ ಒಂದು ದೊಡ್ಡ ಚಮಚಾ ಎಣ್ಣಿ ಹೆಚ್ಚಿಗೆ ಬಿತ್ತಂದ್ರ ಅದೊಂದೇ 120 ಕ್ಯಾಲರಿ. ನಾವು ಯಾರೂ ಎಣ್ಣಿ ಅಳದು ಹಾಕೋರಲ್ಲ, ಕಣ್ಣಳತಿಯಿಂದ ಸುರಿಯೋರು. ಅಂದಮ್ಯಾಲೆ ಒಂದು ರೊಟ್ಟಿ ಮ್ಯಾಲೆ ಇಷ್ಟು ಪಂಚಾಯ್ತಿ ಯಾಕ?

ಇನ್ನ ಕೈಗೆ ಕಟ್ಟಿಕೊಂಡ ಪಟ್ಟಿ ಏನು ಸತ್ಯಹರಿಶ್ಚಂದ್ರನೇನು? 2017ರಾಗ ಅಮೆರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ನಮೂನಿ ಪಟ್ಟಿ ತಗೊಂಡು 60 ಮಂದಿ ಕೈಗೆ ಕಟ್ಟಿ ಪರೀಕ್ಷಾ ಮಾಡಿದ್ರು. ಎದಿಬಡಿತ ಎಣಸೂದರಾಗ ಏಳರಾಗ ಆರು ಛಲೋ ಇದ್ವು. ಕ್ಯಾಲರಿ ವಿಷಯಕ್ಕ ಬಂದ್ರ, ಎಲ್ಲಾಕಿಂತ ಛಲೋ ಪಟ್ಟೀನೂ ಸರಾಸರಿ ನೂರಕ್ಕ 27ರಷ್ಟು ತಪ್ಪು ಹೇಳ್ತು. ಎಲ್ಲಾಕಿಂತ ಕೆಟ್ಟದ್ದು ನೂರಕ್ಕ 93! ಇಂಥಾ ತಕ್ಕಡಿ ಹಿಡಕೊಂಡು ಕಾಯಿಪಲ್ಲೆಯವ ಬಂದಿದ್ರ ಅವನ್ನ ನಾವು ಓಣಿಯೊಳಗ ಬಿಡ್ತಿದ್ವೇನು? ಆ ಪಟ್ಟಿ ಹೇಳಿದ್ದ ನಂಬಿ ಎರಡು ಮಿರ್ಚಿ ತಿನ್ನೋರದೂ ತಪ್ಪು, ಅದನ್ನ ನಂಬಿ ಊಟಾ ಬಿಡೋರದೂ ತಪ್ಪು.

ಅದೂ ಅಲ್ಲದ, ಆ ಪಟ್ಟಿಗೆ ನಮ್ಮ ದುಡಿಮಿ ಕಾಣಸೂದೇ ಇಲ್ಲ. ರೊಟ್ಟಿ ಬಡಿಯೋವಾಗ ಹಿಟ್ಟು ಹತ್ತೀತಂತ ಅದನ್ನ ತಗದು ಕಪಾಟಿನ್ಯಾಗ ಇಡ್ತೀವಿ. ಭಾಂಡಿ ತಿಕ್ಕೋವಾಗ ನೀರು ಬಿದ್ದೀತಂತ ತಗದಿಡ್ತೀವಿ. ಕಸಾ ಹೊಡಿಯೂದು, ನೆಲಾ ಒರಸೂದು, ಅರಬಿ ಹಿಂಡಿ ಮಾಳಿಗಿ ಹತ್ತಿ ಹರವೂದು, ಇವು ನಡಿಯೂದಕ್ಕೇನು ಭಾಳ ಕಡಿಮಿ ಇಲ್ಲ. ಮೈದಾನದಾಗ ಬೂಟು ಹಾಕ್ಕೊಂಡು ತಿರುಗಿದ್ರ ಅದು ವ್ಯಾಯಾಮ, ಮನ್ಯಾಗ ಸೆರಗು ಸಿಗಿಸಿಕೊಂಡು ತಿರುಗಿದ್ರ ಅದು ಏನೂ ಅಲ್ಲ. ಇಂಥಾ ಲೆಕ್ಕಾ ಬರದವರು ಯಾರು, ಅವರ ಮನ್ಯಾಗ ರೊಟ್ಟಿ ಬಡಿಯೋರು ಯಾರು ಅಂತ ನಾ ಕೇಳಬೇಕಾಗೇದ.

ಫೋನಿನ್ಯಾಗ ತೂಕಾ ಇಳಸೋ ಆ್ಯಪು ತಗದ್ರ ಹೆಂಗಸರಿಗೆ ಭಾಳ ಸರ್ತಿ ಕೊಡೂದು ದಿನಕ್ಕ 1200 ಕ್ಯಾಲರಿ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತ ಐಸಿಎಂಆರ್ 2020ರಾಗ ಏನು ಹೇಳ್ಯಾವ ಗೊತ್ತದ ಏನು? 55 ಕಿಲೋ ತೂಕದ, ಕುಂತು ಕೆಲಸಾ ಮಾಡೋ ಹೆಣ್ಣುಮಗಳಿಗೆ ದಿನಕ್ಕ 1660. ನಡು ನಮೂನಿ ದುಡಿಯೋರಿಗೆ 2130. ಹೊಲದಾಗ ಮೈಮುರದು ದುಡಿಯೋರಿಗೆ 2720. ಇನ್ನೊಂದು ಅಂಕಿ ಕೇಳ್ರಿ: ನಾಲ್ಕರಿಂದ ಆರು ವರ್ಷದ ಕೂಸಿಗೆ 1360. ಅಂದ್ರ ಬಾಲವಾಡಿಗೆ ಹೋಗೋ ಕೂಸಿನಕಿಂತ ಕಡಿಮಿ ಉಂಡು, ಇಡೀ ಮನಿ ಎಳದು, ಮ್ಯಾಲೆ ಒಂದು ತಾಸು ನಡದು, "ವೈನಿ, ಇವತ್ತೊಂದು ರೊಟ್ಟಿ ತಿನ್ನಲೇನು?" ಅಂತ ಅಪ್ಪಣಿ ಕೇಳೂದು! ತಲಿ ತಿರುಗಿದ್ರ ಪಿತ್ತ ಅಂತೀವಿ, ಕೂದಲಾ ಉದುರಿದ್ರ ನೀರು ಬದಲಾತು ಅಂತೀವಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೊಳಗ 15ರಿಂದ 49 ವರ್ಷದ ಹೆಂಗಸರಾಗ ನೂರಕ್ಕ 57 ಮಂದಿಗೆ ರಕ್ತ ಕಡಿಮಿ ಇತ್ತು. ಇಂಥಾ ದೇಶದಾಗ ಹೆಂಗಸರಿಗೆ ಉಣಬ್ಯಾಡ್ರಿ ಅಂತ ಕಲಸೂದು ಬುದ್ಧಿವಂತಿಕಿ ಏನು?

ಗಂಡಸರ ಕಡೆ ಒಂದಿಷ್ಟು ನೋಡ್ರಿ. ಅವರೂ ವಾಕಿಂಗ್ ಹೋಗ್ತಾರ. ಬಂದವರು ಪೇಪರ್ ಹಿಡಕೊಂಡು ಕೂತು "ಅವಲಕ್ಕಿ ಆತೇನು?" ಅಂತಾರ. ತಾಟು ಖಾಲಿ ಆದ್ರ ಇನ್ನಷ್ಟು ಹಾಕಸ್ಕೋತಾರ. ಹಸಿವಿ ಆಗಿತ್ತು, ಉಂಡ್ರು, ಮುಗೀತು. ನಾನು ಅದಕ್ಕ ಹೊಟ್ಟೆಕಿಚ್ಚು ಪಡಾಕತ್ತಿಲ್ಲ, ಹಂಗೇ ಇರಬೇಕು ಅಂತೀನಿ. ನಮ್ಮ ಅಜ್ಜಿಗೋಳು ಎಲ್ಲಾರಿಗೂ ಬಡಿಸಿ ತಳದಾಗ ಉಳದದ್ದ ಉಂಡ್ರು. ಉಳಿಲಿಲ್ಲಂದ್ರ ನೀರು ಕುಡದು ಮಲಗಿದ್ರು. ಅದನ್ನ ನೋಡಿ ನಾವು ಕಣ್ಣೀರು ಹಾಕ್ತೀವಿ, ಮತ್ತ ಅದನ್ನೇ 'ಡಯಟ್' ಅಂತ ಹೆಸರಿಟ್ಟು ರೊಕ್ಕಾ ಕೊಟ್ಟು ಮಾಡ್ತೀವಿ.

"ಹಂಗಾದ್ರ ಬೇಕಾದಷ್ಟು ತಿನ್ನೂದೇನು? ನಮಗ ಸಕ್ಕರಿ ಅದ, ಮೊಣಕಾಲು ನೋಯ್ತಾವ, ಡಾಕ್ಟರು ತೂಕಾ ಇಳಸ್ರಿ ಅಂದಾರ" ಅಂತ ಕೇಳೋರು ಇದ್ದೀರಿ. ನ್ಯಾಯದ ಪ್ರಶ್ನೆ. ತೂಕಾ ಇಳಸಬೇಕಾದವರು ಇಳಸ್ರಿ, ಆದ್ರ ಅದನ್ನ ದಿನಾ ಉಣ್ಣೋ ತಾಟಿನ್ಯಾಗ ಮಾಡ್ರಿ. ಅನ್ನದ ರಾಶಿ ಸಣ್ಣದು ಮಾಡಿ ಬ್ಯಾಳಿ, ಮಡಿಕಿ ಕಾಳು, ಸೊಪ್ಪು, ಮೊಸರು ಹೆಚ್ಚು ಮಾಡ್ರಿ. ಚಹಾದ ಸಕ್ಕರಿ ಬಿಡ್ರಿ, ಎಣ್ಣಿ ಚಮಚಾದಿಂದ ಅಳದು ಹಾಕ್ರಿ. ಅರ್ಧಾ ತಾಸು ನಡದು ಬಂದದ್ದಕ್ಕ ಅಂತ ಬ್ಯಾರೆ ತಿಂಡಿ ಬೇಕಾಗಿಲ್ಲ, ಊಟದ ಹೊತ್ತಿಗೆ ಹೊಟ್ಟಿ ತುಂಬ ಊಟಾ ಮಾಡಿದ್ರ ಸಾಕು. ಪೇಢೆ ತಿನ್ನಬೇಕು ಅನಿಸಿದ್ರ ಪೇಢೆ ರುಚಿ ಇರ್ತದಂತ ಒಂದು ತಿನ್ರಿ, ನಡದದ್ದಕ್ಕ ಬಹುಮಾನ ಅಂತ ಅಲ್ಲ. ಸಕ್ಕರಿ ಕಾಯಿಲೆಗೆ ಇನ್ಸುಲಿನ್ನೋ ಗುಳಿಗಿಯೋ ತಗೊಳ್ಳೋರಂತೂ ಖಾಲಿ ಹೊಟ್ಟಿಲೆ ನಡೀಲಿಕ್ಕೆ ಹೋಗೋ ಮೊದಲು ಡಾಕ್ಟರನ್ನ ಕೇಳ್ರಿ. ಸಕ್ಕರಿ ಒಮ್ಮೆಲೆ ಇಳದು ರಸ್ತೆದಾಗ ಬೀಳೋ ಪ್ರಸಂಗ ಬರಬಾರದು.

ಮತ್ತ ಖರೇನ ಮೈ ದಂಡಸೋರು, ಅಂದ್ರ ದಿನಾ ಓಡೋ ಹುಡಿಗ್ಯಾರು, ಕಬಡ್ಡಿ ಆಡೋರು, ಹೊಲದಾಗ ಕಸಾ ತಗಿಯೋರು, ಇವರು ಹೆಚ್ಚಿಗೆ ಉಣ್ಣಲೇಬೇಕು. ದಂಡಸಿದಷ್ಟು ಉಣ್ಣದಿದ್ರ ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪತದ, ಎಲುಬು ಸೊರಗತಾವ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಾಗೇ ಇದಕ್ಕೊಂದು ಹೆಸರಿಟ್ಟು ಎಚ್ಚರಿಕಿ ಕೊಟ್ಟದ. ಓಡಿ ಬಂದ ಮಗಳು ಮೂರನೇ ರೊಟ್ಟಿಗೆ ಕೈ ಹಾಕಿದ್ರ "ಇಷ್ಟ್ಯಾಕ ತಿಂತಿ, ನಾಳೆ ವರ ನೋಡಲಿಕ್ಕೆ ಬರತಾರ" ಅನ್ನೋ ಕಾಕು, ಮಾಮಿಗೋಳಿಗೆ ಕೈ ಮುಗದು ಹೇಳ್ತೀನಿ, ಆ ಮಾತು ನುಂಗ್ರಿ, ಆಕಿ ರೊಟ್ಟಿ ತಿನ್ನಲಿ.

ನಡಿಯೂದು ಬಿಡಬ್ಯಾಡ್ರಿ. ನಡದ್ರ ಸಕ್ಕರಿ, ಬಿ.ಪಿ. ಹತೋಟಿಗೆ ಬರ್ತಾವ, ನಿದ್ದಿ ಹತ್ತತದ, ಒಂದು ತಾಸು ಮನಿ ಚಿಂತಿ ಹೊರಗ ಉಳೀತದ. ನಡದದ್ದರ ಪಗಾರ ಅದೇ. ಊಟಾ ಪಗಾರಲ್ಲ. ದನಕ್ಕ ಮೇವು ಹಾಕೋವಾಗ "ಇವತ್ತ ಎಷ್ಟು ಹೆಜ್ಜಿ ಹಾಕಿದಿ?" ಅಂತ ನಾವು ಕೇಳೂದಿಲ್ಲ. ನಮ್ಮ ಕೈಯಿಂದ ನಮ್ಮ ತಾಟಿಗೆ ರೊಟ್ಟಿ ಹಾಕ್ಕೊಳ್ಳೋವಾಗೂ ಆ ಪ್ರಶ್ನೆ ಬ್ಯಾಡ.