ರೇಡಿಯೊ ಮೌನಕ್ಕೂ ಬೇಕು ಕಾನೂನಿನ ಕಾವಲು

ಪುಣೆ ಮತ್ತು ನಾಸಿಕ್ ನಡುವೆ ಸುಮಾರು 235 ಕಿ.ಮೀ. ಉದ್ದದ ಅರೆ ಅತಿವೇಗದ ರೈಲು ಮಾರ್ಗ ನಿರ್ಮಿಸುವ ಯೋಜನೆಯ ಮೂಲ ನಕ್ಷೆಯನ್ನು ಕೈಬಿಡುವುದಾಗಿ ಕೇಂದ್ರ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ 2025ರಲ್ಲಿ ತಿಳಿಸಿದರು. ಭೂಸ್ವಾಧೀನದ ತೊಡಕಾಗಲೀ ಹಣದ ಅಭಾವವಾಗಲೀ ಇದಕ್ಕೆ ಅವರು ಕೊಟ್ಟ ಕಾರಣವಲ್ಲ. ನಾರಾಯಣಗಾಂವ್ ಬಳಿಯ ಬೃಹತ್ ಮೀಟರ್ ತರಂಗ ರೇಡಿಯೊ ದೂರದರ್ಶಕದ (ಜಿಎಂಆರ್‌ಟಿ) ಸನಿಹದಲ್ಲೇ ಮಾರ್ಗ ಹಾದುಹೋಗುತ್ತಿತ್ತು ಎಂಬುದೇ ಕಾರಣ. ಟೊಮೆಟೊ ಮಾರುಕಟ್ಟೆಗೆ ಹೆಸರಾದ ಆ ಸೀಮೆಯ ರೈತರು, 'ಆಕಾಶ ನೋಡುವ ಯಂತ್ರಕ್ಕಾಗಿ ನಮ್ಮೂರ ರೈಲು ತಪ್ಪಬೇಕೇ?' ಎಂದು ಕೇಳಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಆ ಪ್ರಶ್ನೆಗೆ ಸಮರ್ಪಕ ಉತ್ತರ ಸಿಗಬೇಕು.

ಖೋಡದ್ ಗ್ರಾಮವನ್ನು ಕೇಂದ್ರವಾಗಿಟ್ಟುಕೊಂಡು ಸುಮಾರು 25 ಕಿ.ಮೀ. ವ್ಯಾಪ್ತಿಯಲ್ಲಿ ಹರಡಿರುವ ಈ ದೂರದರ್ಶಕದಲ್ಲಿ ತಲಾ 45 ಮೀಟರ್ ವ್ಯಾಸದ 30 ಬೋಗುಣಿಗಳಿವೆ. ಕಡಿಮೆ ಕಂಪನಾಂಕದ ರೇಡಿಯೊ ಅಲೆಗಳನ್ನು ಆಲಿಸುವುದು ಇವುಗಳ ಕೆಲಸ. ದೂರದ ಗೆಲಾಕ್ಸಿಗಳಿಂದ ಬರುವ ಅಲೆಗಳು ಎಷ್ಟು ಕ್ಷೀಣವೆಂದರೆ, ವಿದ್ಯುತ್ ರೈಲಿನ ತಂತಿಯಲ್ಲಿ ಹಾರುವ ಕಿಡಿ, ಪ್ರಯಾಣಿಕರ ಮೊಬೈಲ್, ರೈಲ್ವೆಯ ನಿಸ್ತಂತು ಉಪಕರಣ ಇವುಗಳಲ್ಲಿ ಯಾವುದೊಂದೂ ಅವುಗಳನ್ನು ಮುಳುಗಿಸಿಬಿಡಬಲ್ಲದು.

ವಿಶ್ವದಲ್ಲಿ ಅತ್ಯಂತ ಹೇರಳವಾಗಿರುವ ಧಾತು ಜಲಜನಕ. ಅದರ ಪರಮಾಣು 1420 ಮೆಗಾಹರ್ಟ್ಸ್ ಕಂಪನಾಂಕದಲ್ಲಿ, ಅಂದರೆ 21 ಸೆಂಟಿಮೀಟರ್ ಉದ್ದದ ಅಲೆಯಾಗಿ, ತನ್ನ ಗುರುತಿನ ರೋಹಿತ ರೇಖೆಯನ್ನು ಹೊರಸೂಸುತ್ತದೆ. ಇದರ ಮಹತ್ವವನ್ನರಿತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮಗಳು 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಯಾವುದೇ ಪ್ರಸಾರವನ್ನು ನಿಷೇಧಿಸಿವೆ. ಮೇಲ್ನೋಟಕ್ಕೆ ಸಮಸ್ಯೆ ಇಲ್ಲಿಗೆ ಬಗೆಹರಿಯಬೇಕಿತ್ತು. ಆದರೆ ವಿಶ್ವ ಹಿಗ್ಗುತ್ತಿದೆ. ಅದರೊಡನೆ ಅಲೆಯೂ ಹಿಗ್ಗಿ ಕಂಪನಾಂಕ ಇಳಿಯುತ್ತದೆ. ಆಕರ ದೂರವಾದಷ್ಟೂ ರೇಖೆ ಕೆಳಗೆ ಸರಿದು, ಕಾನೂನು ಕಾದಿರಿಸಿದ ಪಟ್ಟಿಯಿಂದ ಹೊರಬಿದ್ದು, ಮನುಷ್ಯರ ವ್ಯವಹಾರದ ನಡುಬೀದಿಗೆ ಬರುತ್ತದೆ.

ಇದಕ್ಕೊಂದು ಸ್ಪಷ್ಟ ನಿದರ್ಶನವಿದೆ. ಸುಮಾರು 880 ಕೋಟಿ ವರ್ಷಗಳ ಹಿಂದೆ ಹೊರಟ ಜಲಜನಕದ ಸಂಕೇತವನ್ನು ಜಿಎಂಆರ್‌ಟಿ ನೆರವಿನಿಂದ ಪತ್ತೆ ಮಾಡಿದ್ದನ್ನು ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಅರ್ಣಬ್ ಚಕ್ರವರ್ತಿ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ 2023ರ ಜನವರಿಯಲ್ಲಿ ಪ್ರಕಟಿಸಿದರು. ನಡುವೆ ಇದ್ದ ಮತ್ತೊಂದು ಗೆಲಾಕ್ಸಿ ಮಸೂರದಂತೆ ವರ್ತಿಸಿ ಸಂಕೇತವನ್ನು ಸುಮಾರು 30 ಪಟ್ಟು ಹಿಗ್ಗಿಸಿದ್ದರಿಂದಲೇ ಇದು ಸಾಧ್ಯವಾಯಿತು. ಆ ಸಂಕೇತ ಭೂಮಿಗೆ ತಲುಪಿದ್ದು ಸುಮಾರು 620 ಮೆಗಾಹರ್ಟ್ಸ್‌ನಲ್ಲಿ. ಕೇಂದ್ರ ಸರ್ಕಾರ 2022ರ ತರಂಗಗುಚ್ಛ ಹರಾಜಿನಲ್ಲಿ ಮೊದಲ ಬಾರಿಗೆ ಮಾರಾಟಕ್ಕಿಟ್ಟ 600 ಮೆಗಾಹರ್ಟ್ಸ್ ಪಟ್ಟಿಯ ವ್ಯಾಪ್ತಿಯೂ ಅದೇ. ಅಂದು ಕೊಳ್ಳುವವರು ಮುಂದೆ ಬರಲಿಲ್ಲ. ಎಂದಾದರೂ ಬಂದೇ ಬರುತ್ತಾರೆ.

ಇನ್ನಷ್ಟು ಹಿಂದಕ್ಕೆ, ಮೊದಲ ನಕ್ಷತ್ರಗಳು ಬೆಳಗಿದ ಕಾಲಕ್ಕೆ ಹೋದರೆ ರೇಖೆ 100 ಮೆಗಾಹರ್ಟ್ಸ್‌ಗಿಂತಲೂ ಕೆಳಗೆ, ಎಫ್‌ಎಂ ಬಾನುಲಿಯ ಆಸುಪಾಸಿಗೆ ಇಳಿಯುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ 'ಎಡ್ಜಸ್' ಉಪಕರಣ 78 ಮೆಗಾಹರ್ಟ್ಸ್ ಬಳಿ ಆ ಕಾಲದ ಕುರುಹು ಕಂಡಿದೆ ಎಂದು 2018ರಲ್ಲಿ ಅಮೆರಿಕದ ವಿಜ್ಞಾನಿಗಳು ಸಾರಿದಾಗ ಜಗತ್ತೇ ಬೆರಗಾಯಿತು. ಅದನ್ನು ಒರೆಗೆ ಹಚ್ಚಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಅದರ 'ಸರಸ್–3' ಉಪಕರಣವನ್ನು 2020ರಲ್ಲಿ ಚಿಕ್ಕಬಳ್ಳಾಪುರದ ದಂಡಿಗಾನಹಳ್ಳಿ ಕೆರೆ ಹಾಗೂ ಶರಾವತಿ ಹಿನ್ನೀರಿನಲ್ಲಿ ತೇಲಿಬಿಡಲಾಯಿತು. ನೆಲದ ಮಣ್ಣಿನ ಪದರಗಳು ಉಂಟುಮಾಡುವ ಗೊಂದಲ ನೀರಿನ ಮೇಲೆ ಇರುವುದಿಲ್ಲ. ಊರುಗಳಿಂದ ದೂರವಿರುವುದರಿಂದ ರೇಡಿಯೊ ಗದ್ದಲವೂ ಕಡಿಮೆ. ಆಸ್ಟ್ರೇಲಿಯಾದ ಕುರುಹು ಆಕಾಶದ್ದಲ್ಲ ಎಂದು ಶೇ 95.3ರಷ್ಟು ಖಚಿತತೆಯೊಂದಿಗೆ ಈ ತಂಡ 2022ರಲ್ಲಿ ವರದಿ ಮಾಡಿತು. ಜಾಗತಿಕ ಮಹತ್ವದ ಒಂದು ವಿವಾದದಲ್ಲಿ ನಮ್ಮ ಶರಾವತಿ ಸಾಕ್ಷಿ ನುಡಿಯಿತು ಎಂಬುದು ಹೆಮ್ಮೆಯ ಸಂಗತಿ.

ಇವೆಲ್ಲದರಿಂದ ಒಂದು ಅಂಶ ಸ್ಪಷ್ಟ. ಜಾರುತ್ತಲೇ ಇರುವ ರೇಖೆಯನ್ನು ಯಾವುದೋ ಒಂದು ಕಂಪನಾಂಕಕ್ಕೆ ಬೇಲಿ ಹಾಕಿ ಕಾಯಲಾಗದು. ಎಲ್ಲ ಕಂಪನಾಂಕಗಳನ್ನೂ ವಿಜ್ಞಾನಿಗಳಿಗೇ ಬಿಟ್ಟುಕೊಡುವುದೂ ಅಸಾಧ್ಯ. ದೂರವಾಣಿ, ಬಾನುಲಿ, ವಿಮಾನಯಾನ ಎಲ್ಲಕ್ಕೂ ಪಾಲು ಬೇಕು. ಉಳಿದಿರುವ ದಾರಿಯೆಂದರೆ ಆಯ್ದ ಕೆಲವು ಸ್ಥಳಗಳನ್ನು ಕಾಯುವುದು. ಅಮೆರಿಕ 1958ರಲ್ಲೇ ಗ್ರೀನ್ ಬ್ಯಾಂಕ್ ಸುತ್ತ ರಾಷ್ಟ್ರೀಯ ರೇಡಿಯೊ ಮೌನ ವಲಯ ಸ್ಥಾಪಿಸಿತು. ದಕ್ಷಿಣ ಆಫ್ರಿಕಾ 2007ರಲ್ಲಿ ಇದಕ್ಕೆಂದೇ ಪ್ರತ್ಯೇಕ ಶಾಸನ ರಚಿಸಿತು. ಆ ದೇಶದಲ್ಲಿ ಹಾಗೂ ಆಸ್ಟ್ರೇಲಿಯಾದಲ್ಲಿ ನಿರ್ಮಾಣವಾಗುತ್ತಿರುವ ಎಸ್‌ಕೆಎ ದೂರದರ್ಶಕದಲ್ಲಿ ಪಾಲ್ಗೊಳ್ಳಲು ಭಾರತ 1,250 ಕೋಟಿ ರೂ. ಮಂಜೂರು ಮಾಡಿದೆ. ಪರದೇಶದ ಮೌನಕ್ಕೆ ಇಷ್ಟು ಬೆಲೆ ಕಟ್ಟುವ ನಾವು, ಸ್ವದೇಶದ ಮೌನವನ್ನು ಮಾತ್ರ ವಿವಾದ ಎದ್ದಾಗ ಒಂದೊಂದೇ ಕಡತದಲ್ಲಿ ತೀರ್ಮಾನಿಸುತ್ತಿದ್ದೇವೆ.

ಮಾರ್ಗ ಗುರುತಿಸಿ, ಜನರಲ್ಲಿ ಆಸೆ ಹುಟ್ಟಿಸಿ, ಬಳಿಕ ಹಿಂದೆ ಸರಿಯುವುದರಿಂದ ರೈತನಿಗೂ ನಷ್ಟ, ವಿಜ್ಞಾನಕ್ಕೂ ಅಪಕೀರ್ತಿ. ಎಲ್ಲಿ ಏನು ಕಟ್ಟಬಹುದು, ಏನು ಕಟ್ಟುವಂತಿಲ್ಲ ಎಂಬುದು ಮೊದಲೇ ಶಾಸನದಲ್ಲಿ ನಮೂದಾಗಿದ್ದರೆ ಯೋಜನೆ ರೂಪಿಸುವ ಹಂತದಲ್ಲೇ ಬದಲಿ ಮಾರ್ಗ ಹುಡುಕಬಹುದು. ನಿರ್ಬಂಧದ ಭಾರ ಹೊರುವ ಹಳ್ಳಿಗಳಿಗೆ ರಸ್ತೆ, ಶಾಲೆ, ಉದ್ಯೋಗಗಳಲ್ಲಿ ಪ್ರತಿಫಲವನ್ನೂ ಅದೇ ಶಾಸನ ಖಾತ್ರಿಪಡಿಸಬೇಕು.

ನೆಲದ ಮೇಲಿನ ಕಾನೂನು ಆಕಾಶಕ್ಕೆ ಸಾಲದು ಎಂಬುದೂ ನಿಜ. ಸ್ಟಾರ್‌ಲಿಂಕ್ ಉಪಗ್ರಹಗಳ ವಿದ್ಯುನ್ಮಾನ ಸಲಕರಣೆಗಳಿಂದಲೇ 110ರಿಂದ 188 ಮೆಗಾಹರ್ಟ್ಸ್ ನಡುವೆ ಅಲೆಗಳು ಸೋರುತ್ತಿರುವುದನ್ನು ಯುರೋಪಿನ ಲೋಫಾರ್ ದೂರದರ್ಶಕ 2023ರಲ್ಲಿ ದಾಖಲಿಸಿತು. ಎರಡನೇ ಪೀಳಿಗೆಯ ಉಪಗ್ರಹಗಳ ಸೋರಿಕೆ 32 ಪಟ್ಟು ಹೆಚ್ಚು ಪ್ರಬಲವಾಗಿರಬಹುದು ಎಂದು 2024ರಲ್ಲಿ ಅದೇ ದೂರದರ್ಶಕ ತೋರಿಸಿತು. ಇದಕ್ಕೆ ಅಂತಾರಾಷ್ಟ್ರೀಯ ಒಪ್ಪಂದವೇ ಬೇಕು. ಅಂಥ ಮಾತುಕತೆಯಲ್ಲಿ ಭಾರತದ ಮಾತಿಗೆ ತೂಕ ಬರಬೇಕಾದರೆ, ಖೋಡದ್ ಹಾಗೂ ಶರಾವತಿ ಹಿನ್ನೀರಿನಂಥ ತಾಣಗಳನ್ನು ಮೊದಲು ನಾವೇ ಕಾನೂನಿನ ಮೂಲಕ ಕಾಯ್ದುಕೊಳ್ಳಬೇಕು. ರೈಲಿಗೆ ಬದಲಿ ಮಾರ್ಗ ಹುಡುಕಬಹುದು. ಒಮ್ಮೆ ಕಳೆದುಕೊಂಡ ಮೌನ ತಾಣವನ್ನು ಮರಳಿ ಪಡೆಯುವುದು ಸುಲಭವಲ್ಲ.