ನುಕ್ತಾ ಕಾಣದ ಹುಡುಗಿ



ಬೇ, ತೇ, ಸೇ ಈ ಮೂರು ಅಕ್ಷರಗಳ ಆಕಾರ ಒಂದೇ ಎಂಬುದು ನಿಮಗೆ ಗೊತ್ತೇ ಇದೆ. ಕೆಳಗೆ ಒಂದು ನುಕ್ತಾ ಇದ್ದರೆ ಬೇ, ಮೇಲೆ ಎರಡಿದ್ದರೆ ತೇ, ಮೂರಿದ್ದರೆ ಸೇ. ಹೊಳಲ್ಕೆರೆಯಲ್ಲಿ ನನ್ನ ಬಳಿ ಕಲಿಯುವ ಒಂಬತ್ತು ವರ್ಷದ ಹುಡುಗಿಯೊಬ್ಬಳು ಖಾಯಿದಾವನ್ನು ಮಡಿಲಲ್ಲಿಟ್ಟುಕೊಂಡರೆ ಸರಾಗವಾಗಿ ಓದುತ್ತಿದ್ದಳು. ಕರಿಹಲಗೆಯ ಮೇಲೆ ಬರೆದರೆ ಮಾತ್ರ ತೇ ಇದ್ದಲ್ಲಿ ಸೇ ಎನ್ನುತ್ತಿದ್ದಳು. ಗಮನವಿಲ್ಲವೆಂದು ಎಷ್ಟೋ ಸಲ ಗದರಿದೆ. ಒಂದು ದಿನ ಪಾಠ ಮುಗಿಯುವವರೆಗೆ ನಿಲ್ಲಿಸಿಯೂ ಬಿಟ್ಟೆ.

ಆಮೇಲೆ ದಾನಿಯೊಬ್ಬರು ಅಂಗೈಯಗಲದ ಪ್ರೊಜೆಕ್ಟರ್ ಕೊಟ್ಟರು. ಕಿಟಕಿಗೆ ಪರದೆ ಎಳೆದು ಗೋಡೆಯ ಮೇಲೆ ಅಕ್ಷರ ಬಿಟ್ಟಾಗ ಆ ಹುಡುಗಿ ಒಂದೂ ತಪ್ಪಿಲ್ಲದೆ ಓದಿದಳು. ಸಂಶಯ ಬಂದು ಪ್ರೊಜೆಕ್ಟರನ್ನು ಗೋಡೆಯ ಹತ್ತಿರಕ್ಕೆ ಸರಿಸಿದೆ. ಚಿತ್ರ ಕುಗ್ಗಿತು, ಅಕ್ಷರ ಚಿಕ್ಕದಾಯಿತು, ಅವಳು ಮತ್ತೆ ತಡವರಿಸಿದಳು. ನನಗಾದ ನಾಚಿಕೆಯನ್ನು ಹೇಗೆ ಹೇಳಲಿ? ಮಗುವಿಗೆ ಕಾಣುತ್ತಲೇ ಇರಲಿಲ್ಲ. ಹುಟ್ಟಿದಾಗಿನಿಂದ ಮಸುಕಾಗಿಯೇ ನೋಡಿದವಳು ಕಾಣುವುದಿಲ್ಲವೆಂದು ದೂರುವುದಾದರೂ ಹೇಗೆ?

ಕಣ್ಣಿನ ತಪಾಸಣೆಯ ಕೋಣೆಯಲ್ಲೂ ಇಂಥದೇ ಪುಟ್ಟ ಪೆಟ್ಟಿಗೆ ಗೋಡೆಗೆ ಅಕ್ಷರ ಬಿಡುತ್ತದೆ. ಆದರೆ ಅಲ್ಲಿ ಅಳತೆ ಕರಾರುವಾಕ್ಕು. ಪೆಟ್ಟಿಗೆ ಸರಿದರೆ ಅಕ್ಷರದ ಗಾತ್ರವೂ ಬದಲಾಗುವುದರಿಂದ ಅದನ್ನು ಒಂದೇ ಜಾಗದಲ್ಲಿ ನಿಲ್ಲಿಸಿರುತ್ತಾರೆ. ಈ ಅಳತೆಯ ಪಟ್ಟಿಯನ್ನು 1862ರಲ್ಲಿ ಹಾಲೆಂಡಿನ ವೈದ್ಯ ಹರ್ಮನ್ ಸ್ನೆಲೆನ್ ರೂಪಿಸಿದರು. ಆರು ಮೀಟರ್ ದೂರದಿಂದ ಓದಬೇಕಾದ 6/6 ಸಾಲಿನ ಅಕ್ಷರ ಒಂಬತ್ತು ಮಿಲಿಮೀಟರಿಗೂ ಚಿಕ್ಕದು. ಕೋಣೆ ಇಕ್ಕಟ್ಟಾಗಿದ್ದರೆ ಮೂರು ಮೀಟರಿನಲ್ಲಿ ಕನ್ನಡಿ ಇಟ್ಟು ದೂರವನ್ನು ಇಮ್ಮಡಿ ಮಾಡುತ್ತಾರೆ. ನಮ್ಮ ಹುಡುಗಿಯ ಚೀಟಿಯಲ್ಲಿ 6/36 ಎಂದಿತ್ತು. ಒಳ್ಳೆಯ ಕಣ್ಣಿಗೆ 36 ಮೀಟರಿನಿಂದ ಕಾಣುವುದು ಇವಳಿಗೆ ಆರೇ ಮೀಟರಿಗೆ ಬಂದರೆ ಕಾಣುತ್ತದೆ ಎಂದರ್ಥ.

ಗಲ್ಲವಿಟ್ಟು ನೋಡುವ ಇನ್ನೊಂದು ಯಂತ್ರವಿದೆ, ಆಟೋರಿಫ್ರಾಕ್ಟರ್. ಒಳಗೆ ಸಾಮಾನ್ಯವಾಗಿ ರಸ್ತೆಯ ತುದಿಯಲ್ಲಿ ಒಂದು ಬಲೂನಿನ ಚಿತ್ರ ಕಾಣುತ್ತದೆ. ಅದು ಮಸುಕಾಗಿ ಮತ್ತೆ ತಿಳಿಯಾಗುವುದು ಕಣ್ಣು ಹತ್ತಿರದ ನೋಟಕ್ಕೆ ಬಿಗಿಯದೆ ಸಡಿಲಾಗಿರಲೆಂದು. ಅಷ್ಟರಲ್ಲಿ ಕಣ್ಣಿಗೆ ಕಾಣದ ಕಿರಣವೊಂದು ಅಕ್ಷಿಪಟಲಕ್ಕೆ ಹೋಗಿ ಮರಳುತ್ತದೆ, ಅದರಿಂದ ಯಂತ್ರ ನಂಬರನ್ನು ಲೆಕ್ಕ ಹಾಕುತ್ತದೆ. ಕಣ್ಣೇ ಕಿರಣ ಬಿಟ್ಟು ನೋಡುತ್ತದೆಂಬ ಹಳೆಯ ವಾದವನ್ನು ಅಲ್ಲಗಳೆದು, ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಸೇರುತ್ತದೆ ಎಂದು ಸಾವಿರ ವರ್ಷದ ಹಿಂದೆಯೇ ವಿವರಿಸಿದವರು ಬಸ್ರಾದ ಇಬ್ನುಲ್ ಹೈಸಮ್ ಎಂಬುದು ಆಗ ನೆನಪಾಯಿತು. ಮಕ್ಕಳ ವಿಷಯದಲ್ಲಿ ಯಂತ್ರದ ಚೀಟಿಯೊಂದನ್ನೇ ನಂಬಿ ಕನ್ನಡಕ ಮಾಡಿಸಬೇಡಿ. ಅವರ ಕಣ್ಣು ಬೇಗ ಬಿಗಿಯುವುದರಿಂದ ಹನಿ ಹಾಕಿ ನೋಡಬೇಕಾಗುತ್ತದೆ. ಆಮೇಲೆ ಮಸೂರಗಳನ್ನು ಒಂದೊಂದಾಗಿ ಬದಲಿಸಿ ಮಗುವನ್ನೇ ಕೇಳಬೇಕು.

ಆಕೆಯ ಅಮ್ಮಿಯ ಚಿಂತೆ ಬೇರೆಯೇ ಆಗಿತ್ತು. "ಹೆಣ್ಣುಮಗು ಆಪಾ, ಈಗಲೇ ಸೋಡಾಬುಡ್ಡಿ ಹಾಕಿಸಿದರೆ ನಾಳೆ ಸಂಬಂಧ ಬರುತ್ತದೆಯೇ? ಹಾಕಿದರೆ ನಂಬರ್ ಏರುತ್ತದಂತೆ." ಕನ್ನಡಕದಿಂದ ನಂಬರ್ ಏರುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಉದ್ದವಾಗುತ್ತಾ ಹೋಗುವುದರಿಂದ ಏರುತ್ತದೆ, ಕನ್ನಡಕ ಹಾಕದಿದ್ದರೂ ಏರುತ್ತದೆ. ಸಂಬಂಧದ ಮಾತಿಗೆ ನಾನು ಉತ್ತರ ಕೊಡಲಿಲ್ಲ, ಮಗಳ ನೋಟ್‌ಬುಕ್ ತೋರಿಸಿದೆ. ಶಾಲೆಯ ಬೋರ್ಡಿನಿಂದ ನಕಲು ಮಾಡಿದ ಲೆಕ್ಕದಲ್ಲಿ 3 ಇರಬೇಕಾದಲ್ಲೆಲ್ಲ 8 ಇತ್ತು. ಆ ತಾಯಿ ಬಹಳ ಹೊತ್ತು ಸುಮ್ಮನೆ ನೋಡಿದರು.

ಈಗ ಮನೆಗಳಿಗೂ ಸಣ್ಣ ಪ್ರೊಜೆಕ್ಟರ್ ಬಂದಿದೆ. ಗೋಡೆಯ ಮೇಲಿನ ಚಿತ್ರ ನೋಡಲಿ, ಆದರೆ ಉರಿಯುತ್ತಿರುವ ಮಸೂರದೊಳಗೆ ಮಕ್ಕಳು ಇಣುಕದಂತೆ ನೋಡಿಕೊಳ್ಳಿ. ಅದರಲ್ಲಿ ಅಕ್ಷರ ಬಿಟ್ಟು ನಂಬರ್ ಹುಡುಕಲೂ ಹೋಗಬೇಡಿ. ಅದಕ್ಕೆ ಕಣ್ಣಿನ ತಜ್ಞರಿದ್ದಾರೆ. ನಿಮ್ಮ ಕೆಲಸ ಸುಲಭದ್ದು. ಮಗುವನ್ನು ಗೋಡೆಯ ಕ್ಯಾಲೆಂಡರಿನಿಂದ ದೂರ ನಿಲ್ಲಿಸಿ, ಒಂದು ಕಣ್ಣನ್ನು ಒತ್ತದೆ ಅಂಗೈಯಿಂದ ಮುಚ್ಚಿಸಿ ತಾರೀಖು ಓದಿಸಿ, ಆಮೇಲೆ ಇನ್ನೊಂದು ಕಣ್ಣು. ಎರಡಕ್ಕೂ ವ್ಯತ್ಯಾಸ ಕಂಡರೆ, ಅಥವಾ ನಿಮಗೆ ಕಾಣುವುದು ಅವಳಿಗೆ ಕಾಣದಿದ್ದರೆ, ಗದರದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.