ಮೊದಲ ಉಸಿರಿಗೆ ಮುಂಚಿನ ಸೂಜಿಮದ್ದು

ಎರಡು ಗಾಜಿನ ಪಟ್ಟಿಗಳ ನಡುವೆ ಒಂದು ಹನಿ ನೀರು ಹಾಕಿ ಒತ್ತಿ, ಮತ್ತೆ ಬಿಡಿಸಿ ನೋಡಿ. ಸುಲಭವಾಗಿ ಬಾರವು. ಇದಕ್ಕೆ ಮೇಲ್ಮೈ ಎಳೆತ ಕಾರಣವೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳು ಬಲ್ಲರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುವಿನ ಪ್ರಾಣಕ್ಕೆ ಕುತ್ತಾಗುವುದೂ ಇದೇ ಬಲ.

ಶ್ವಾಸಕೋಶದ ಗಾಳಿಗೂಡುಗಳ ಒಳಗೋಡೆ ಸದಾ ಒದ್ದೆ. ಆ ತೇವವು ಗೂಡುಗಳನ್ನು ಎಳೆದು ಮುಚ್ಚಿಬಿಡದಂತೆ ಸರ್ಫ್ಯಾಕ್ಟಂಟ್ ಎಂಬ ಸಾಬೂನಿನಂಥ ವಸ್ತು ಕಾಯುತ್ತದೆ. ಗರ್ಭಸ್ಥ ಶಿಶು ಇದನ್ನು ಸಾಕಷ್ಟು ತಯಾರಿಸಿಕೊಳ್ಳುವುದು ಕೊನೆಯ ವಾರಗಳಲ್ಲಿ. ಅದಿಲ್ಲದೆ ಹುಟ್ಟಿದ ಕೂಸು ಪ್ರತಿ ಉಸಿರಿಗೂ ಹೊಸ ಬಲೂನು ಊದುವಷ್ಟು ಶ್ರಮಪಟ್ಟು ದಣಿಯುತ್ತದೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ, ಎರಡು ದಿನ ತುಂಬುವುದರೊಳಗೆ ತೀರಿಕೊಂಡದ್ದು ಇದರಿಂದಲೇ.

ಪರಿಹಾರದ ಸುಳಿವು ದೊರೆತದ್ದು ಕುರಿಮರಿಗಳಿಂದ! ಹೆರಿಗೆ ಹೇಗೆ ಆರಂಭವಾಗುತ್ತದೆಂದು ತಿಳಿಯಲು ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಗರ್ಭದೊಳಗಿನ ಮರಿಗಳಿಗೆ ಸ್ಟೆರಾಯ್ಡ್ ಕೊಡುತ್ತಿದ್ದರು. ಬದುಕಲಾರದಷ್ಟು ಬೇಗ ಹುಟ್ಟಿದ ಮರಿಯೊಂದು ಉಸಿರಾಡುತ್ತಿತ್ತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. 1972ರಲ್ಲಿ ಲಿಗಿನ್ಸ್ ಮತ್ತು ರಾಸ್ ಹೋವಿ 282 ತಾಯಂದಿರ ಮೇಲಿನ ಪ್ರಯೋಗದ ಫಲ ಪ್ರಕಟಿಸಿದರು. ನೋವು ತಾನಾಗಿ ಬಂದವರ ಪೈಕಿ, ಮದ್ದು ಪಡೆಯದವರ ಶಿಶುಗಳಲ್ಲಿ ಮೊದಲ ದಿನಗಳ ಸಾವು ಶೇ. 15, ಪಡೆದವರಲ್ಲಿ ಶೇ. 3ರಷ್ಟು. (ಮೈಕಟ್ಟು ಬೆಳೆಸಲು ಕೆಲವರು ಬಳಸುವ ಸ್ಟೆರಾಯ್ಡೇ ಬೇರೆ, ಇದೇ ಬೇರೆ.)

ಹಾಗಾದರೆ ಹಳ್ಳಿಹಳ್ಳಿಗೂ ಈ ಮದ್ದು ತಲುಪಿಸಿದರಾಯಿತಲ್ಲ? ನಮ್ಮ ಬೆಳಗಾವಿಯೂ ಸೇರಿದಂತೆ ಆರು ದೇಶಗಳಲ್ಲಿ ಹಾಗೆಯೇ ಮಾಡಿ ನೋಡಲಾಯಿತು. ಗರ್ಭದ ದಿನ ಸರಿಯಾಗಿ ತಿಳಿಯದ ಕಡೆ ಟೇಪಿನಿಂದ ಹೊಟ್ಟೆಯ ಎತ್ತರ ಅಳೆದು ವಾರಗಳನ್ನು ಅಂದಾಜು ಮಾಡಿದರು. 2015ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ತೀರಾ ಪುಟ್ಟ ಶಿಶುಗಳಿಗೆ ಲಾಭ ಕಾಣಲಿಲ್ಲ. ಒಟ್ಟಾರೆ ಶಿಶುಮರಣ ಸಾವಿರಕ್ಕೆ ಸುಮಾರು 24 ಇದ್ದದ್ದು 27ಕ್ಕೆ ಏರಿತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು. ಮದ್ದು ಪಡೆದವರಲ್ಲಿ ಬಹುಪಾಲು ಮಂದಿಗೆ ಹುಟ್ಟಿದ್ದು ಪುಟ್ಟ ಶಿಶುಗಳೇ ಅಲ್ಲ.

ವಿಜ್ಞಾನ ಮೆಚ್ಚುಗೆಯಾಗುವುದು ಇಂಥಲ್ಲಿ. ಪ್ರತಿಕೂಲ ಫಲವನ್ನು ಬಚ್ಚಿಡದೆ ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಪರೀಕ್ಷೆಗಿಳಿಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಈ ಬಾರಿಯೂ ಕೈಜೋಡಿಸಿತು. ಐದು ದೇಶ, 29 ಆಸ್ಪತ್ರೆ, 2,852 ತಾಯಂದಿರು. ವಾರಗಳ ಲೆಕ್ಕಕ್ಕೆ ಸ್ಕ್ಯಾನ್ ಆಧಾರ. 26ರಿಂದ 34 ವಾರದೊಳಗಿನವರಿಗೆ ಮಾತ್ರ, 12 ಗಂಟೆಗೊಮ್ಮೆ, ಹೆಚ್ಚೆಂದರೆ ನಾಲ್ಕು ಡೆಕ್ಸಾಮೆಥಸೋನ್ ಚುಚ್ಚುಮದ್ದು. ಕೋವಿಡ್ ಕಾಲದಲ್ಲಿ ಹೆಸರು ಮಾಡಿದ ಅಗ್ಗದ ಔಷಧಿಯೇ ಇದು. 2020ರ ವರದಿಯಂತೆ ಶಿಶುಮರಣ ಶೇ. 23.5ರಿಂದ 19.6ಕ್ಕಿಳಿಯಿತು. ಎಂದರೆ 25 ತಾಯಂದಿರಿಗೆ ಮದ್ದು ಕೊಟ್ಟರೆ ಒಂದು ಜೀವ ಉಳಿಯಿತು.

ಮದ್ದು ಅದೇ, ವಾರಗಳ ಲೆಕ್ಕ ಮತ್ತು ಹುಟ್ಟಿದ ಮೇಲಿನ ಆರೈಕೆ ಬೇರೆ. ಕೆಂಗೇರಿಯಾಗಲಿ, ರಾಜಾಜಿನಗರವಾಗಲಿ, ಏಳನೆಯ ತಿಂಗಳಲ್ಲೇ ನೋವು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು, ಜೊತೆಗೆ ತಾಯಿ ಕಾರ್ಡ್ ಇರಬೇಕು. ಕೊನೆಯ ಮುಟ್ಟಿನ ದಿನಾಂಕ ಅದರಲ್ಲಿರುತ್ತದೆ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ವರದಿಯಿದ್ದರೆ ವೈದ್ಯರ ಲೆಕ್ಕ ಇನ್ನಷ್ಟು ಖಚಿತವಾಗುತ್ತದೆ.